ಘಾಟಿ ರಸ್ತೆಯಲ್ಲಿ ಹಳೆಯ ಕಾರು: ವ್ಯಾಕ್ಯೂಮ್ ಪೈಪ್ ಹರಿದರೆ ಮಾಡುವುದೇನು?

ಮಾರನಹಳ್ಳಿ (ಸಕಲೇಶಪುರ): ಬೆಂಗಳೂರಿನಿಂದ ಮಂಗಳೂರಿಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 75 ಹಾಸನ, ಆಲೂರು, ಸಕಲೇಶಪುರಗಳನ್ನು ದಾಟಿ ಮಾರನಹಳ್ಳಿಗೆ ಬರುತ್ತಿದ್ದಂತೆ ಅದರ ಸ್ವರೂಪವೇ ಬದಲಾಗುತ್ತದೆ. ಇಲ್ಲಿಂದ ಅಡ್ಡಹೊಳೆಯವರೆಗಿನದು ಶಿರಾಡಿ ಘಾಟಿಯ ಇಳಿಜಾರು. 2010ಕ್ಕೆ ಮುಂಚೆ ಇದೇ ರಸ್ತೆಗೆ ಹೆದ್ದಾರಿ 48 ಎಂಬ ಹೆಸರಿತ್ತು. 2015 ಹಾಗೂ 2018ರಲ್ಲಿ ಎರಡು ಹಂತಗಳಲ್ಲಿ ಸಂಚಾರ ನಿಲ್ಲಿಸಿ ಕಾಂಕ್ರೀಟ್ ಹಾಸಿದ ನಂತರ ಗುಂಡಿಗಳ ಕಾಟ ತಗ್ಗಿತಾದರೂ ತಿರುವು ಮತ್ತು ಇಳಿಜಾರು ಹಾಗೆಯೇ ಉಳಿದಿವೆ.

ಇಂತಹ ರಸ್ತೆಯಲ್ಲಿ ಇಪ್ಪತ್ತೈದು, ಮೂವತ್ತು ವರ್ಷ ಹಳೆಯದಾದ ಕಾರುಗಳು ಇಂದಿಗೂ ಕಾಣಸಿಗುತ್ತವೆ. ಕಾಫಿ ತೋಟದ ಮನೆಯ ಮಾರುತಿ 800, ಜಿಪ್ಸಿ, ಅಂಬಾಸಿಡರ್, ಮಹೀಂದ್ರ ಜೀಪು, ಬೆಂಗಳೂರಿನಿಂದ ಕರಾವಳಿಯ ದೇವಸ್ಥಾನಗಳಿಗೆ ಹೊರಟ ಎಸ್ಟೀಮ್ ಮತ್ತು ಝೆನ್‌ಗಳು ಈ ಸಾಲಿಗೆ ಸೇರುತ್ತವೆ. ಇಂತಹ ಕಾರುಗಳ ಮಾಲೀಕರು ಟೈರ್, ಬ್ಯಾಟರಿ, ರೇಡಿಯೇಟರ್‌ಗಳ ಬಗ್ಗೆ ತೋರುವ ಕಾಳಜಿಯನ್ನು ಎಂಜಿನ್ ಮೇಲೆ ಹರಿದಾಡುವ ಕಪ್ಪು ರಬ್ಬರ್ ಕೊಳವೆಗಳ ಬಗ್ಗೆ ತೋರುವುದು ಅಪರೂಪ. ಗ್ಯಾರೇಜುಗಳಲ್ಲಿ 'ವ್ಯಾಕ್ಯೂಮ್ ಪೈಪ್' ಎಂದು ಕರೆಸಿಕೊಳ್ಳುವ ಈ ಕೊಳವೆಗಳಲ್ಲಿ ಕೆಲವು ಹರಿದರೆ ಮೈಲೇಜ್ ಕುಸಿಯುತ್ತದೆ, ಅಷ್ಟೆ. ಆದರೆ ಒಂದು ಕೊಳವೆ ಹರಿದರೆ ಬ್ರೇಕ್ ಪೆಡಲ್ ಕಲ್ಲಿನಂತಾಗುತ್ತದೆ. ಯಾವುದು ಯಾವುದೆಂದು ಗುರುತಿಸಲು ಬಾರದವರು ಘಾಟಿ ಇಳಿಯುವುದು ಕ್ಷೇಮವಲ್ಲ.

ಏನಿದು ವ್ಯಾಕ್ಯೂಮ್?

ಪೆಟ್ರೋಲ್ ಎಂಜಿನ್ನಿನ ಪಿಸ್ಟನ್ ಕೆಳಗಿಳಿಯುವಾಗ ಗಾಳಿಯನ್ನು ಹೀರಿಕೊಳ್ಳುತ್ತದೆ. ಚಾಲಕ ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಕಾರ್ಬುರೇಟರ್‌ನ ಥ್ರಾಟಲ್ ತಟ್ಟೆ ಬಹುತೇಕ ಮುಚ್ಚಿಕೊಂಡಿರುತ್ತದೆ. ಹೀರಲು ಗಾಳಿ ಸಾಲದೆ ಥ್ರಾಟಲ್‌ಗೂ ಸಿಲಿಂಡರಿಗೂ ನಡುವೆ ಇರುವ ಇನ್‌ಟೇಕ್ ಮ್ಯಾನಿಫೋಲ್ಡಿನೊಳಗೆ ಒತ್ತಡ ಹೊರಗಿನ ವಾಯುಮಂಡಲಕ್ಕಿಂತ ಕಡಿಮೆಯಾಗುತ್ತದೆ. ಇದು ಪೂರ್ಣ ನಿರ್ವಾತವಲ್ಲ, ಭಾಗಶಃ ನಿರ್ವಾತ. ಪುಕ್ಕಟೆಯಾಗಿ ದೊರೆಯುವ ಈ ಹೀರುಬಲವನ್ನು ಸಣ್ಣ ಕೊಳವೆಗಳ ಮೂಲಕ ಬೇರೆ ಬೇರೆ ಉಪಕರಣಗಳಿಗೆ ಕೊಂಡೊಯ್ಯುವ ಪದ್ಧತಿ ಎಲೆಕ್ಟ್ರಾನಿಕ್ ನಿಯಂತ್ರಣ ಬರುವ ಮುನ್ನ ಎಲ್ಲೆಡೆ ಚಾಲ್ತಿಯಲ್ಲಿತ್ತು.

ಹಳೆಯ ಕಾರಿನಲ್ಲಿ ಒಂದು ಕೊಳವೆ ಡಿಸ್ಟ್ರಿಬ್ಯೂಟರ್ ಪಕ್ಕದ ತಟ್ಟೆಯಾಕಾರದ ಡಬ್ಬಿಗೆ ಹೋಗುತ್ತದೆ. ಎಂಜಿನ್ ಮೇಲಿನ ಹೊರೆಗೆ ತಕ್ಕಂತೆ ಕಿಡಿ ಹಾರುವ ಸಮಯವನ್ನು ಹಿಂದೆ ಮುಂದೆ ಮಾಡುವುದು ಅದರ ಕೆಲಸ. ಇನ್ನೊಂದು ಕೊಳವೆ ಎಂಜಿನ್ನಿನ ತಳದಲ್ಲಿ ಸೇರುವ ಎಣ್ಣೆಯ ಆವಿಯನ್ನು ಮತ್ತೆ ಒಳಕ್ಕೆ ಎಳೆದುಕೊಳ್ಳುತ್ತದೆ. ಎ.ಸಿ. ಹಾಕಿದಾಗ ಎಂಜಿನ್ ನಿಂತುಹೋಗದಂತೆ ಐಡ್ಲಿಂಗ್ ಏರಿಸುವ ಕವಾಟಕ್ಕೆ ಒಂದು, ಎಂಜಿನ್ ಬಿಸಿಯಾದ ಬಳಿಕ ತೆರೆದುಕೊಳ್ಳುವ ಕವಾಟಗಳಿಗೆ ಒಂದೆರಡು, ಪೆಟ್ರೋಲ್ ಆವಿ ಹಿಡಿದಿಡುವ ಇದ್ದಿಲಿನ ಡಬ್ಬಿಗೆ ಮತ್ತೊಂದು ಕೊಳವೆ ಇರುತ್ತದೆ. ಹೊಗೆ ನಿಯಮಗಳು ಬಿಗಿಯಾದಂತೆಲ್ಲ ಈ ಸಂಖ್ಯೆ ಬೆಳೆಯಿತು. 1990ರ ದಶಕದ ಕೊನೆಯ ಕಾರ್ಬುರೇಟರ್ ಕಾರುಗಳ ಬಾನೆಟ್ ತೆರೆದರೆ ಕಾಣುವ ಕೊಳವೆಗಳ ಗೋಜಲಿಗೆ ಕಾರಣ ಇದೇ. ಆಮೇಲೆ ಬಂದ ಎಂಪಿಎಫ್‌ಐ ಎಂಜಿನ್ನುಗಳಲ್ಲಿ ಈ ಕೆಲಸಗಳಲ್ಲಿ ಹೆಚ್ಚಿನವನ್ನು ಸೆನ್ಸರ್ ಮತ್ತು ವಿದ್ಯುತ್ ತಂತಿಗಳು ವಹಿಸಿಕೊಂಡವು.

ಇವೆಲ್ಲಕ್ಕಿಂತ ದಪ್ಪನಾದ, ಹೆಬ್ಬೆರಳ ಗಾತ್ರದ ಕೊಳವೆಯೊಂದು ಮ್ಯಾನಿಫೋಲ್ಡಿನಿಂದ ಹೊರಟು ಚಾಲಕನ ಎದುರಿನ ಗೋಡೆಗೆ ಕೂರಿಸಿದ ಕಪ್ಪು ದುಂಡು ಡಬ್ಬಿಗೆ ಸೇರುತ್ತದೆ. ಆ ಡಬ್ಬಿಯೇ ಬ್ರೇಕ್ ಬೂಸ್ಟರ್. ಎಲ್ಲ ಹಳೆಯ ಕಾರುಗಳಲ್ಲಿಯೂ ಬೂಸ್ಟರ್ ಇರುವುದಿಲ್ಲ. ಇದೆಯೇ ಎಂಬುದನ್ನು ಬಾನೆಟ್ ತೆರೆದು ಮಾಸ್ಟರ್ ಸಿಲಿಂಡರಿನ ಹಿಂದೆ ನೋಡಿದರೆ ತಿಳಿಯುತ್ತದೆ.

ಪಾದಕ್ಕೆ ಜತೆಗೂಡುವ ಬಲ

ಬೂಸ್ಟರ್ ಡಬ್ಬಿಯೊಳಗೆ ರಬ್ಬರಿನ ಅಗಲ ಪರದೆಯಿದೆ. ಬ್ರೇಕ್ ಒತ್ತದಿರುವಾಗ ಪರದೆಯ ಎರಡೂ ಬದಿ ನಿರ್ವಾತವಿರುತ್ತದೆ. ಪೆಡಲ್ ಒತ್ತಿದೊಡನೆ ಚಾಲಕನ ಕಡೆಯ ಭಾಗಕ್ಕೆ ಹೊರಗಿನ ಗಾಳಿ ನುಗ್ಗುತ್ತದೆ. ಒಂದೆಡೆ ವಾಯುಮಂಡಲದ ಒತ್ತಡ, ಮತ್ತೊಂದೆಡೆ ನಿರ್ವಾತ. ಈ ವ್ಯತ್ಯಾಸ ಪರದೆಯನ್ನು ಮುಂದಕ್ಕೆ ತಳ್ಳಿ ಪಾದದ ಬಲಕ್ಕೆ ತನ್ನ ಬಲವನ್ನು ಕೂಡಿಸುತ್ತದೆ.

ಆ ಬಲ ಎಷ್ಟೆಂಬುದನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಪರದೆಯ ವ್ಯಾಸ 20 ಸೆಂ.ಮೀ. ಎಂದಿಟ್ಟುಕೊಂಡರೆ ವಿಸ್ತೀರ್ಣ ಸುಮಾರು 314 ಚದರ ಸೆಂ.ಮೀ. ಮ್ಯಾನಿಫೋಲ್ಡಿನ ನಿರ್ವಾತ 18 ಅಂಗುಲ ಪಾದರಸದಷ್ಟಿದ್ದರೆ ಪ್ರತಿ ಚದರ ಸೆಂ.ಮೀ.ಗೆ 0.62 ಕೆ.ಜಿ.ಯಂತೆ ಒಟ್ಟು 195 ಕೆ.ಜಿ. ಬಲ ದೊರೆಯುತ್ತದೆ. ಎರಡಾಳು ತೂಕಕ್ಕಿಂತ ಹೆಚ್ಚಿನ ಈ ಸಹಾಯ ಇದ್ದಕ್ಕಿದ್ದಂತೆ ಇಲ್ಲವಾದಾಗ ಬ್ರೇಕ್ 'ಫೇಲ್' ಆದಂತೆ ಚಾಲಕನಿಗೆ ತೋರುವುದು ಸಹಜ. ವಾಸ್ತವದಲ್ಲಿ ಬ್ರೇಕ್ ಎಣ್ಣೆಯೂ ಸಿಲಿಂಡರುಗಳೂ ಎಂದಿನಂತೆಯೇ ಕೆಲಸ ಮಾಡುತ್ತಿರುತ್ತವೆ. ಹಲವು ಪಟ್ಟು ಹೆಚ್ಚು ಬಲ ಹಾಕಿ ಒತ್ತಿದರೆ ಕಾರು ನಿಲ್ಲುತ್ತದೆ. ಈ ಒಂದು ತಿಳಿವಳಿಕೆ ಇದ್ದರೆ ಆತಂಕದ ಗಳಿಗೆಯಲ್ಲಿ ಪೆಡಲಿನಿಂದ ಕಾಲು ತೆಗೆಯುವ ಪ್ರಮಾದ ತಪ್ಪುತ್ತದೆ.

ಇದೇ ಘಟ್ಟದ ಕಾಡಿನೊಳಗೆ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಇಳಿಯುವ ರೈಲು ಹಳಿಯ ಇಳಿಜಾರು 50 ಅಡಿಗೆ ಒಂದು ಅಡಿಯಷ್ಟು. ಭಾರತೀಯ ರೈಲುಗಳಲ್ಲಿ ದೀರ್ಘಕಾಲ ಬಳಕೆಯಲ್ಲಿದ್ದುದೂ ನಿರ್ವಾತ ಬ್ರೇಕೇ. ಗಾಳಿ ಒತ್ತಡದ ಬ್ರೇಕ್ ಬಂದದ್ದು ನಂತರ. ಆದರೆ ರೈಲಿನ ಏರ್ಪಾಡು ಕಾರಿಗೆ ತದ್ವಿರುದ್ಧ. ಅಲ್ಲಿ ನಿರ್ವಾತವು ಬ್ರೇಕನ್ನು ಬಿಡಿಸಿ ಹಿಡಿದಿರುತ್ತಿತ್ತು. ಕೊಳವೆ ತುಂಡಾಗಿ ಗಾಳಿ ನುಗ್ಗಿದರೆ ಬ್ರೇಕ್ ತಾನಾಗಿಯೇ ಹಿಡಿದು ಗಾಡಿ ನಿಲ್ಲುತ್ತಿತ್ತು. ಕಾರಿನಲ್ಲಿ ಕೊಳವೆ ತುಂಡಾದರೆ ಸಹಾಯ ನಿಲ್ಲುತ್ತದೆ, ಗಾಡಿ ಓಡುತ್ತಲೇ ಇರುತ್ತದೆ.

ಎತ್ತರದ ಲೆಕ್ಕ

ಮಲೆನಾಡಿನವರು ಗಮನಿಸಬೇಕಾದ ಸಂಗತಿಯೊಂದಿದೆ. ವ್ಯಾಕ್ಯೂಮ್ ಗೇಜ್ ಜೋಡಿಸಿ ನೋಡಿದರೆ ಸುಸ್ಥಿತಿಯಲ್ಲಿರುವ ಪೆಟ್ರೋಲ್ ಎಂಜಿನ್ ಐಡ್ಲಿಂಗ್‌ನಲ್ಲಿ 17ರಿಂದ 21 ಅಂಗುಲ ತೋರಬೇಕೆಂದು ಕೈಪಿಡಿಗಳು ಹೇಳುತ್ತವೆ. ಇದು ಸಮುದ್ರ ಮಟ್ಟದ ಲೆಕ್ಕ. ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು ಒಂದು ಅಂಗುಲ ಕಳೆಯಬೇಕು. ಸಕಲೇಶಪುರ ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್, ಅಂದರೆ ಮೂರು ಸಾವಿರ ಅಡಿಗೂ ಹೆಚ್ಚು ಎತ್ತರದಲ್ಲಿದೆ. ಬೆಂಗಳೂರಿನದೂ ಬಹುತೇಕ ಇದೇ ಎತ್ತರ. ಹೀಗಾಗಿ ಮಂಗಳೂರಿನಲ್ಲಿ 18 ತೋರುವ ಎಂಜಿನ್ ಸಕಲೇಶಪುರದಲ್ಲಿ 15 ತೋರಿದರೆ ಅದು ರೋಗವಲ್ಲ. ಕೈಪಿಡಿಯ ಅಂಕಿಯನ್ನೇ ನಂಬಿ ಇಲ್ಲದ ಸೋರಿಕೆಯನ್ನು ಹುಡುಕುತ್ತಾ ಕೊಳವೆಗಳನ್ನೆಲ್ಲ ಬದಲಿಸುವುದು ದುಂದು.

ಮುಳ್ಳು ಎಷ್ಟು ತೋರುತ್ತದೆ ಎಂಬುದರಷ್ಟೇ ಹೇಗೆ ತೋರುತ್ತದೆ ಎಂಬುದೂ ಮುಖ್ಯ. ಅಲುಗದೆ ನಿಂತಿದ್ದು, ಇರಬೇಕಾದುದಕ್ಕಿಂತ ನಾಲ್ಕೈದು ಅಂಗುಲ ಕೆಳಗಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ ಅಥವಾ ಇಗ್ನಿಷನ್ ಟೈಮಿಂಗ್ ಹಿಂದೆ ಬಿದ್ದಿದೆ. ತಾಳ ಹಾಕಿದಂತೆ ಒಂದೇ ಲಯದಲ್ಲಿ ಮುಳ್ಳು ಕುಸಿದು ಏಳುತ್ತಿದ್ದರೆ ದೋಷ ಕೊಳವೆಯದ್ದಲ್ಲ, ಬಹುಪಾಲು ವಾಲ್ವ್‌ನದು.

ಘಾಟಿ ಹತ್ತುವಾಗ ಈ ನಿರ್ವಾತ ಇನ್ನೂ ಕುಸಿಯುತ್ತದೆ. ಥ್ರಾಟಲ್ ಪೂರ್ತಿ ತೆರೆದಾಗ ಮ್ಯಾನಿಫೋಲ್ಡಿನ ಒತ್ತಡ ಹೊರಗಿನ ಒತ್ತಡಕ್ಕೆ ಸಮೀಪಿಸುತ್ತದೆ. ಹಳೆಯ ವಿಲ್ಲಿಸ್ ಜೀಪುಗಳ ವೈಪರ್ ನಡೆಯುತ್ತಿದ್ದುದು ವಿದ್ಯುತ್ತಿನಿಂದಲ್ಲ, ಎಂಜಿನ್ನಿನ ಈ ಹೀರುಬಲದಿಂದ. ಏರು ಹತ್ತುವಾಗ ಆಕ್ಸಿಲರೇಟರ್ ಒತ್ತಿ ಹಿಡಿದರೆ ವೈಪರ್ ನಿಧಾನವಾಗಿ, ಕೊನೆಗೆ ನಿಂತೇ ಹೋಗುತ್ತಿತ್ತು. ಕಾಲು ಸಡಿಲಿಸಿದರೆ ಮತ್ತೆ ಓಡುತ್ತಿತ್ತು. ಮಲೆನಾಡಿನ ಮಳೆಗೆ ಇದಕ್ಕಿಂತ ಒಗ್ಗದ ಏರ್ಪಾಡು ಇರಲಾರದು.

ಇಳಿಯುವಾಗ ಪರಿಸ್ಥಿತಿ ತಿರುಗುಮುರುಗಾಗುತ್ತದೆ. ಎರಡನೇ ಗೇರಿನಲ್ಲಿ, ಆಕ್ಸಿಲರೇಟರ್ ಮುಟ್ಟದೆ ಕಾರನ್ನು ಇಳಿಸಿದರೆ ಎಂಜಿನ್ ಬಲವಾಗಿ ಹೀರುತ್ತದೆ. ನಿರ್ವಾತ ಐಡ್ಲಿಂಗ್‌ನಲ್ಲಿರುವುದಕ್ಕಿಂತ ಹೆಚ್ಚುತ್ತದೆ. ಎಂಜಿನ್ನೂ ಗಾಡಿಯನ್ನು ಹಿಡಿದಿಡುತ್ತದೆ, ಬೂಸ್ಟರಿಗೂ ಪೂರ್ಣ ಬಲ ಸಿಗುತ್ತದೆ. ಪೆಟ್ರೋಲ್ ಉಳಿಸಲೆಂದು ಇಗ್ನಿಷನ್ ಆಫ್ ಮಾಡಿ, ಗೇರನ್ನು ನ್ಯೂಟ್ರಲ್‌ಗೆ ತಂದು ಘಾಟಿ ಇಳಿಸುವ ಹಳೆಯ ಚಾಳಿ ಅಪಾಯಕರವಾಗಿರುವುದು ಈ ಕಾರಣಕ್ಕೇ. ಎಂಜಿನ್ ನಿಂತ ಬಳಿಕ ಬೂಸ್ಟರ್‌ನಲ್ಲಿ ಉಳಿಯುವ ನಿರ್ವಾತ ಎರಡು ಮೂರು ಸಲದ ಬ್ರೇಕಿಗೆ ಸಾಕಾಗಬಹುದು. ಶಿರಾಡಿಯ ತಿರುವುಗಳು ಅದಕ್ಕಿಂತ ಬಹಳ ಹೆಚ್ಚು.

ಡೀಸೆಲ್ ವಾಹನಗಳ ಕಥೆಯೇ ಬೇರೆ

ಹಳೆಯ ಡೀಸೆಲ್ ಎಂಜಿನ್ನುಗಳಲ್ಲಿ ಗಾಳಿಯನ್ನು ತಡೆಯುವ ಥ್ರಾಟಲ್ ಇಲ್ಲ. ಆದ್ದರಿಂದ ಮ್ಯಾನಿಫೋಲ್ಡಿನಲ್ಲಿ ಹೇಳಿಕೊಳ್ಳುವಂತಹ ನಿರ್ವಾತವೂ ಇಲ್ಲ. ಬ್ರೇಕ್ ಬೂಸ್ಟರ್‌ಗಾಗಿ ಪ್ರತ್ಯೇಕ ವ್ಯಾಕ್ಯೂಮ್ ಪಂಪು ಬೇಕು. ಅನೇಕ ಜೀಪು, ಸುಮೊ ಮುಂತಾದವುಗಳಲ್ಲಿ ಇದು ಆಲ್ಟರ್ನೇಟರಿನ ಬೆನ್ನಿಗೆ ಅಂಟಿಕೊಂಡಿರುತ್ತದೆ. ಎರಡನ್ನೂ ತಿರುಗಿಸುವುದು ಒಂದೇ ಬೆಲ್ಟ್. ಆ ಬೆಲ್ಟ್ ತುಂಡಾದರೆ ಚಾರ್ಜಿಂಗ್ ನಿಲ್ಲುವುದರೊಂದಿಗೆ ವ್ಯಾಕ್ಯೂಮ್ ಪಂಪೂ ನಿಲ್ಲುತ್ತದೆ. ಹೀಗಾಗಿ ಇಂತಹ ವಾಹನದಲ್ಲಿ ಘಾಟಿ ಇಳಿಯುವಾಗ ಬ್ಯಾಟರಿ ಚಿಹ್ನೆಯ ಕೆಂಪು ದೀಪ ಹೊತ್ತಿಕೊಂಡರೆ ಅದನ್ನು ಬ್ರೇಕಿನ ಎಚ್ಚರಿಕೆ ಎಂದೇ ಓದಬೇಕು. 'ಊರು ಮುಟ್ಟಿದ ಮೇಲೆ ಬ್ಯಾಟರಿ ನೋಡಿಸಿದರಾಯಿತು' ಎಂದು ಮುಂದುವರಿಯುವಂತಿಲ್ಲ.

ಪಂಪಿಗೆ ಎಂಜಿನ್ ಎಣ್ಣೆ ಒಯ್ಯುವ ಸಣ್ಣ ಕೊಳವೆಯೂ ಇರುತ್ತದೆ. ಅದು ಒಡೆದರೆ ಎಣ್ಣೆ ಹೊರಚೆಲ್ಲಿ ಎಂಜಿನ್ನಿಗೇ ಸಂಚಕಾರ.

ಇನ್ನೊಂದು ವ್ಯತ್ಯಾಸವೂ ಇದೆ. ಪೆಟ್ರೋಲ್ ಕಾರಿನಲ್ಲಿ ದಪ್ಪ ಕೊಳವೆ ಹರಿದರೆ ಎಂಜಿನ್ ಕೂಡಲೇ ತಡವರಿಸಿ ದೂರು ಹೇಳುತ್ತದೆ. ಡೀಸೆಲ್‌ನಲ್ಲಿ ಎಂಜಿನ್ನಿನ ಸದ್ದಿನಲ್ಲಿ ಏನೇನೂ ಬದಲಾವಣೆಯಾಗದು. ಸುದ್ದಿ ತಿಳಿಯುವುದು ಪೆಡಲ್ ಒತ್ತಿದಾಗಲೇ.

ಕೊಳವೆ ಹಾಳಾಗುವುದೇಕೆ?

ಮುಖ್ಯ ಶತ್ರು ಬಿಸಿ. ಎಂಜಿನ್ ಬಿಸಿಗೆ ವರ್ಷಗಟ್ಟಲೆ ಬೆಂದ ರಬ್ಬರ್ ಮೃದುತನ ಕಳೆದುಕೊಂಡು ಗಟ್ಟಿಯಾಗುತ್ತದೆ. ಮೊದಲು ಸೀಳುವುದು ನಳಿಕೆಗೆ ಸೇರುವ ತುದಿಗಳಲ್ಲಿ. ಎಂಜಿನ್ ನಡುಗುವಾಗಲೆಲ್ಲ ಅಲ್ಲಿಯೇ ಎಳೆತ ಹೆಚ್ಚು. ಘಾಟಿಯಲ್ಲಿ ವಾಹನ ಸಾಲುಗಟ್ಟಿ ನಿಂತಾಗ ಬಾನೆಟ್ ಒಳಗಿನ ಕಾವು ಓಡುವಾಗಿರುವುದಕ್ಕಿಂತ ಏರುತ್ತದೆ. 2024ರ ಜುಲೈ ತಿಂಗಳಲ್ಲಿ ಸಕಲೇಶಪುರ ಸಮೀಪದ ದೊಡ್ಡತಪ್ಪಲು ಬಳಿ ಗುಡ್ಡ ಕುಸಿದು ಸಂಚಾರ ಸ್ಥಗಿತಗೊಂಡಂತಹ ಸಂದರ್ಭಗಳಲ್ಲಿ ಎಂಜಿನ್ ಚಾಲೂ ಇಟ್ಟು ಕಾಯುವ ಹಳೆಯ ಕಾರು ಇಂತಹ ಕಾವಿಗೆ ಸಿಲುಕುತ್ತದೆ.

ಎಣ್ಣೆಯ ಪಸೆ ತಗಲುವ ಕೊಳವೆಗಳು ಗಟ್ಟಿಯಾಗುವ ಬದಲು ಉಬ್ಬಿ ಮೆತ್ತಗಾಗುತ್ತವೆ. ಹಿಚುಕಿದರೆ ಅಂಟು ಅಂಟಾದ ಕೊಳವೆ ಒಳಗೇ ಕುಸಿದು ಮುಚ್ಚಿಕೊಳ್ಳಬಹುದು; ಹೊರಗೆ ನೋಡಲು ಇಡಿಯಾಗಿಯೇ ಇರುತ್ತದೆ. ಇನ್ನು ಪೆಟ್ರೋಲಿಗೆ ಬೆರೆಸುವ ಎಥೆನಾಲ್. ಶೇ 20ರಷ್ಟು ಎಥೆನಾಲ್ ಇರುವ ಪೆಟ್ರೋಲನ್ನು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿಯೇ ಬಿಡುಗಡೆ ಮಾಡಲಾಯಿತು. ಅದಕ್ಕೆಂದು ತಯಾರಾಗದ ಹಳೆಯ ರಬ್ಬರ್ ಭಾಗಗಳಿಗೆ ಅದು ಒಗ್ಗುವುದಿಲ್ಲ. ಪೆಟ್ರೋಲ್ ಸಾಗುವ ಪೈಪಿಗೆ ಇದರ ಬಾಧೆ ಮೊದಲು. ಪೆಟ್ರೋಲ್ ಆವಿ ಮುಟ್ಟುವ ವ್ಯಾಕ್ಯೂಮ್ ಕೊಳವೆಗಳಿಗೂ ತಪ್ಪಿದ್ದಲ್ಲ.

ತೋಟದ ಮನೆಗಳಲ್ಲಿ ಇಲಿಗಳನ್ನೂ ಮರೆಯುವಂತಿಲ್ಲ. ಮಳೆಗಾಲದಲ್ಲಿ ವಾರಗಟ್ಟಲೆ ಶೆಡ್ಡಿನಲ್ಲಿ ನಿಂತ ಕಾರಿನ ಎಂಜಿನ್ ಅವುಗಳಿಗೆ ಬೆಚ್ಚನೆಯ ಗೂಡು. ಕಡಿದ ಕೊಳವೆಯ ತುದಿಯಲ್ಲಿ ಹಲ್ಲಿನ ಗುರುತು ಸ್ಪಷ್ಟವಾಗಿ ಕಾಣುತ್ತದೆ. ಅಂತಹ ಗುರುತು ಒಂದು ಕಡೆ ಕಂಡರೆ ಬೂಸ್ಟರ್ ಪೈಪು, ಪೆಟ್ರೋಲ್ ಪೈಪು, ವೈರಿಂಗ್ ಎಲ್ಲವನ್ನೂ ಪರೀಕ್ಷಿಸದೆ ಕಾರನ್ನು ರಸ್ತೆಗಿಳಿಸಬಾರದು.

ಲಕ್ಷಣ ಮತ್ತು ಪತ್ತೆ

ಕೊಳವೆ ಹರಿದಲ್ಲಿ ಎಂಜಿನ್ನೊಳಕ್ಕೆ ಲೆಕ್ಕಕ್ಕಿಲ್ಲದ ಗಾಳಿ ನುಗ್ಗುತ್ತದೆ. ಪೆಟ್ರೋಲ್ ಅಷ್ಟೇ, ಗಾಳಿ ಹೆಚ್ಚು. ಐಡ್ಲಿಂಗ್ ಏರುಪೇರಾಗುವುದು, ಸಿಗ್ನಲ್‌ನಲ್ಲಿ ಎಂಜಿನ್ ನಿಲ್ಲುವುದು, ಆಕ್ಸಿಲರೇಟರ್ ಒತ್ತಿದಾಗ ಒಂದು ಕ್ಷಣ ತಡವರಿಸುವುದು, ಕಾರ್ಬುರೇಟರ್ ಕಡೆಯಿಂದ 'ಪಟ್' ಎಂಬ ಸದ್ದು, 'ಸುಯ್' ಎಂಬ ನಿರಂತರ ಶಬ್ದ ಇವೆಲ್ಲ ಅದರ ಕುರುಹು. ಡಿಸ್ಟ್ರಿಬ್ಯೂಟರ್ ಕೊಳವೆ ಹರಿದರೆ ಮಾತ್ರ ಸದ್ದುಗದ್ದಲವಿರದು. ಮೈಲೇಜ್ ಕುಸಿದು ಕಾರು ಸೋಮಾರಿಯಾಗುತ್ತದೆ. ಎಂಪಿಎಫ್‌ಐ ಕಾರುಗಳಲ್ಲಿ ಐಡ್ಲಿಂಗ್ ಅಕಾರಣವಾಗಿ ಏರಿ ನಿಲ್ಲುವುದು ಸಾಮಾನ್ಯ. ಐಡ್ಲಿಂಗ್ ಸ್ಕ್ರೂ ತಿರುಗಿಸಿ ಈ ದೋಷಗಳನ್ನು ಮುಚ್ಚಿಹಾಕುವುದು ಗ್ಯಾರೇಜುಗಳ ಕೆಟ್ಟ ಅಭ್ಯಾಸ. ನಾಲ್ಕು ದಿನ ಎಲ್ಲ ಸರಿಯಿದೆ ಎನಿಸುತ್ತದೆ, ಅಷ್ಟರಲ್ಲಿ ಸೀಳು ಮತ್ತಷ್ಟು ಬೆಳೆದಿರುತ್ತದೆ.

ಸೋರಿಕೆ ಪತ್ತೆಗೆ ದುಬಾರಿ ಸಲಕರಣೆ ಬೇಕಿಲ್ಲ. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಮೂರಡಿ ಉದ್ದದ ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗೆ ಹಿಡಿದು ಇನ್ನೊಂದು ತುದಿಯನ್ನು ಕೊಳವೆಗಳ ಉದ್ದಕ್ಕೆ ಸರಿಸಿದರೆ ಸುಯ್ಗುಡುವ ಜಾಗ ಸಿಕ್ಕೀತು. ಬಳಿಕ ಒಂದೊಂದೇ ಕೊಳವೆಯನ್ನು ಮ್ಯಾನಿಫೋಲ್ಡ್ ಬಳಿ ಬೆರಳಿನಿಂದ ಅದುಮಿ ಹಿಡಿಯಬೇಕು. ಯಾವುದನ್ನು ಅದುಮಿದಾಗ ಎಂಜಿನ್ ಸದ್ದು ಸರಿಹೋಗುತ್ತದೋ ಅದರ ದಾರಿಯಲ್ಲಿ ದೋಷವಿದೆ. ಗಟ್ಟಿಯಾದ ಹಳೆಯ ಕೊಳವೆಯನ್ನು ಇಕ್ಕಳದಿಂದ ಹಿಚುಕಿದರೆ ಅದೇ ಸೀಳಿಬಿಡುತ್ತದೆ, ಜೋಕೆ. ಸಂದೇಹವಿರುವ ಸಂದಿಗೆ ಸಾಬೂನು ನೀರು ಸಿಂಪಡಿಸುವುದು ಇನ್ನೊಂದು ವಿಧಾನ. ಸೀಳಿದ್ದರೆ ನೀರು ಒಳಕ್ಕೆಳೆದುಕೊಂಡು ಎಂಜಿನ್ ಸದ್ದು ಕ್ಷಣಕಾಲ ಬದಲಾಗುತ್ತದೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮುಕಿಸಿ ನೋಡುವ ಮತ್ತು ಊದುಬತ್ತಿಯ ಹೊಗೆ ಹಿಡಿದು ನೋಡುವ ಪ್ರಯೋಗಗಳು ಬೇಡವೇ ಬೇಡ. ಬೆಂಕಿಗೆ ಬೇಕಾದುದೆಲ್ಲ ಅಲ್ಲಿಯೇ ಇರುತ್ತದೆ.

ದುರಸ್ತಿಯೋ, ಬದಲಾವಣೆಯೋ?

ತುದಿ ಮಾತ್ರ ಸೀಳಿದ್ದು, ಉಳಿದ ಭಾಗ ಇನ್ನೂ ಮೃದುವಾಗಿದ್ದು, ಉದ್ದವೂ ಸಾಕಷ್ಟಿದ್ದರೆ ಸೀಳಿದಷ್ಟನ್ನು ಹರಿತವಾದ ಬ್ಲೇಡಿನಿಂದ ನೇರವಾಗಿ ಕತ್ತರಿಸಿ ಮತ್ತೆ ಕೂರಿಸಬಹುದು. ಬಗ್ಗಿಸಿದಾಗ ಮೈಮೇಲೆ ಸಣ್ಣ ಬಿರುಕುಗಳು ತೆರೆದುಕೊಂಡರೆ ಆ ಕೊಳವೆಯ ಆಯುಸ್ಸು ಮುಗಿದಿದೆ. ಒಂದು ಹರಿದಿದೆ ಎಂದರೆ ಅದರೊಂದಿಗೇ ಕಾರ್ಖಾನೆಯಿಂದ ಬಂದ ಉಳಿದವುಗಳೂ ಅದೇ ವಯಸ್ಸಿನವು. ಎಲ್ಲವನ್ನೂ ಒಮ್ಮೆಗೇ ಬದಲಿಸುವುದು ಜಾಣತನ. ಆದರೆ ಎಲ್ಲವನ್ನೂ ಒಮ್ಮೆಗೇ ಬಿಚ್ಚುವುದು ದಡ್ಡತನ. ಕಾರ್ಬುರೇಟರ್ ಮೇಲೆ ಒಂದೇ ಗಾತ್ರದ ಹಲವು ನಳಿಕೆಗಳಿರುತ್ತವೆ. ಕೆಲವು ಥ್ರಾಟಲ್ ತಟ್ಟೆಯ ಕೆಳಗಿನವು, ಕೆಲವು ಮೇಲಿನವು. ಮೇಲಿನದರಲ್ಲಿ ಐಡ್ಲಿಂಗ್ ಇರುವಾಗ ಹೀರುಬಲವಿರುವುದಿಲ್ಲ, ಥ್ರಾಟಲ್ ತೆರೆದ ನಂತರವಷ್ಟೇ ಬರುತ್ತದೆ. ಅನೇಕ ಎಂಜಿನ್ನುಗಳಲ್ಲಿ ಡಿಸ್ಟ್ರಿಬ್ಯೂಟರ್ ಕೊಳವೆ ಸೇರುವುದು ಇಂತಹುದಕ್ಕೆ. ಅದಲುಬದಲಾದರೆ ಟೈಮಿಂಗ್ ಕೆಟ್ಟು ಹೊಸ ತಲೆನೋವು ಶುರುವಾಗುತ್ತದೆ. ಕೆಲಸ ಆರಂಭಿಸುವ ಮುನ್ನ ಮೊಬೈಲಿನಲ್ಲಿ ನಾಲ್ಕು ಕೋನಗಳಿಂದ ಚಿತ್ರ ತೆಗೆದು, ಕೊಳವೆಗಳಿಗೆ ಚೀಟಿ ಅಂಟಿಸಿ, ಒಂದನ್ನು ಬಿಚ್ಚಿ ಹೊಸದನ್ನು ಕೂರಿಸಿದ ಮೇಲೆ ಇನ್ನೊಂದಕ್ಕೆ ಕೈಹಾಕಬೇಕು. ಬಾನೆಟ್ ಒಳಬದಿಯಲ್ಲಿ ಕೊಳವೆಗಳ ನಕ್ಷೆಯ ಸ್ಟಿಕರ್ ಉಳಿದಿದ್ದರೆ ಅದನ್ನು ಒರೆಸಿ ಓದಿದರೆ ಅರ್ಧ ಕೆಲಸ ಮುಗಿದಂತೆ.

ಎಂಜಿನ್ ತಣ್ಣಗಾದ ಮೇಲೆಯೇ ಕೆಲಸ. ಹಳೆಯ ಕೊಳವೆಯನ್ನು ನೇರವಾಗಿ ಎಳೆಯದೆ ಮೊದಲು ತಿರುಚಿ ಸಡಿಲಿಸಬೇಕು. ಪ್ಲಾಸ್ಟಿಕ್ ಕವಾಟಗಳ ನಳಿಕೆಗಳು ವಯಸ್ಸಾಗಿ ಸಂಡಿಗೆಯಂತೆ ಮುರಿಯುತ್ತವೆ. ರಬ್ಬರಿಗೆ ಹೋಲಿಸಿದರೆ ಆ ಕವಾಟ ಹುಡುಕುವುದು ಬಲು ಕಷ್ಟ. ಬಿಡದಿದ್ದರೆ ಕೊಳವೆಯ ತುದಿಯನ್ನು ಉದ್ದಕ್ಕೆ ಸೀಳಿ ಬಿಡಿಸಿಕೊಳ್ಳಬೇಕು, ಬ್ಲೇಡ್ ನಳಿಕೆಯನ್ನು ಗೀರಬಾರದು. ಹೊಸ ಕೊಳವೆಯ ಒಳವ್ಯಾಸ ಹಳೆಯದರಷ್ಟೇ ಇರಬೇಕು. ಉಬ್ಬಿಹೋದ ತುದಿಯನ್ನಲ್ಲ, ನಡುಭಾಗವನ್ನು ಕತ್ತರಿಸಿ ಅಳತೆ ತೆಗೆದುಕೊಳ್ಳಬೇಕು. ಉದ್ದ ಕಡಿಮೆಯಾದರೆ ಎಂಜಿನ್ ಅಲುಗಿದಾಗ ಕಳಚುತ್ತದೆ, ಹೆಚ್ಚಾದರೆ ಮಡಿಸಿಕೊಳ್ಳುತ್ತದೆ ಇಲ್ಲವೇ ಸೈಲೆನ್ಸರ್ ಮ್ಯಾನಿಫೋಲ್ಡಿಗೆ ತಾಗಿ ಸುಡುತ್ತದೆ. ಕೂರಿಸುವಾಗ ಒಂದು ಹನಿ ನೀರು ಸಾಕು. ಗ್ರೀಸ್ ಸವರಿದರೆ ಕೊಳವೆ ಜಾರಿ ಕಳಚುವ ಸಂಭವವಿದೆ.

ರಬ್ಬರ್ ಎಲ್ಲವೂ ಒಂದೇ ಅಲ್ಲ. ಬಣ್ಣಬಣ್ಣದ ಸಿಲಿಕೋನ್ ಕೊಳವೆ ಬಿಸಿಯನ್ನು ಚೆನ್ನಾಗಿ ತಾಳುತ್ತದೆ, ಆದರೆ ಎಣ್ಣೆ ಮತ್ತು ಪೆಟ್ರೋಲ್ ಆವಿಗೆ ತಾಳುವುದಿಲ್ಲ. ರೇಡಿಯೇಟರ್ ನೀರಿನ ಪೈಪುಗಳಿಗೆ ಬಳಸುವ ಇಪಿಡಿಎಂ ರಬ್ಬರೂ ಪೆಟ್ರೋಲ್ ತಗುಲಿದರೆ ಉಬ್ಬುತ್ತದೆ. ಎಣ್ಣೆ ಆವಿಯ ಕೊಳವೆಗೆ ನೈಟ್ರೈಲ್ ಜಾತಿಯ ರಬ್ಬರೇ ಸೂಕ್ತ. ತೆಳು ಗೋಡೆಯ ಕೊಳವೆ ಯಾವುದೇ ಇರಲಿ, ಹೀರುಬಲಕ್ಕೆ ಒಳಗೊಳಗೇ ಚಪ್ಪಟೆಯಾಗುತ್ತದೆ. ಮೀನಿನ ತೊಟ್ಟಿಯ ಪಾರದರ್ಶಕ ಪೈಪು, ಆಸ್ಪತ್ರೆಯ ಡ್ರಿಪ್ ಟ್ಯೂಬು, ತೋಟದ ಹನಿ ನೀರಾವರಿಯ ಕಿರುಪೈಪುಗಳನ್ನು ಸಿಕ್ಕಿಸಿ ಕಾರು ಓಡಿಸುವವರಿದ್ದಾರೆ. ಮನೆ ಮುಟ್ಟಲು ಪರವಾಗಿಲ್ಲ. ಎಂಜಿನ್ ಬಿಸಿಗೆ ಅವು ಮೆತ್ತಗಾಗಿ ಕಳಚುತ್ತವೆ ಇಲ್ಲವೇ ಮುಚ್ಚಿಕೊಳ್ಳುತ್ತವೆ ಎಂಬುದು ನೆನಪಿರಲಿ. ಕ್ಷಣಾರ್ಧದಲ್ಲಿ ಅಂಟುವ ಗೋಂದು ರಬ್ಬರನ್ನು ಇನ್ನಷ್ಟು ಗಟ್ಟಿಯಾಗಿಸುತ್ತದೆ. ಇನ್ಸುಲೇಷನ್ ಟೇಪ್ ಕಾವಿಗೆ ಅಂಟು ಬಿಡುತ್ತದೆ.

ಬೂಸ್ಟರ್ ಪೈಪಿಗೆ ತೇಪೆ ಇಲ್ಲ

ಮೇಲೆ ಹೇಳಿದ ತಾತ್ಕಾಲಿಕ ಉಪಾಯಗಳಾವುವೂ ಬ್ರೇಕ್ ಬೂಸ್ಟರಿನ ಕೊಳವೆಗೆ ಅನ್ವಯಿಸುವುದಿಲ್ಲ. ಅದಕ್ಕೆ ನಿರ್ವಾತ ಬ್ರೇಕಿಗೆಂದೇ ತಯಾರಾದ, ಗೋಡೆ ಕುಸಿಯದ ಪೈಪನ್ನೇ ಹಾಕಬೇಕು. ಅಂತರರಾಷ್ಟ್ರೀಯವಾಗಿ ಇದಕ್ಕೆ ಎಸ್‌ಎಇ ಜೆ 1403 ಎಂಬ ಪ್ರತ್ಯೇಕ ಮಾನದಂಡವೇ ಇದೆ. ನೀರಿನ ಪೈಪು ಗಾತ್ರಕ್ಕೆ ಸರಿಹೊಂದಿದರೂ ಗುಣಕ್ಕೆ ಹೊಂದುವುದಿಲ್ಲ. ಎರಡೂ ತುದಿಗೆ ಕ್ಲಿಪ್ಪು ಕಡ್ಡಾಯ.

ಈ ಪೈಪಿನ ನಡುವೆ ಅಥವಾ ಬೂಸ್ಟರ್ ತುದಿಯಲ್ಲಿ ಏಕಮುಖ ಕವಾಟವೊಂದಿರುತ್ತದೆ. ಗಾಳಿ ಬೂಸ್ಟರಿನಿಂದ ಎಂಜಿನ್ ಕಡೆಗೆ ಹೋಗಬಹುದೇ ಹೊರತು ಮರಳಿ ಬರಬಾರದು. ಎಂಜಿನ್ ನಿಂತ ಬಳಿಕವೂ ಎರಡು ಮೂರು ಬ್ರೇಕಿಗಾಗುವಷ್ಟು ನಿರ್ವಾತ ಉಳಿಯುವುದು ಇದರಿಂದಲೇ. ಕವಾಟ ಬಿಚ್ಚಿ ಬೂಸ್ಟರ್ ಬದಿಯಿಂದ ಊದಿದರೆ ಗಾಳಿ ಹೋಗಬೇಕು, ಎಂಜಿನ್ ಬದಿಯಿಂದ ಊದಿದರೆ ಹೋಗಬಾರದು. ಪೈಪು ಬದಲಿಸುವಾಗ ಇದನ್ನು ತಿರುಗುಮುರುಗಾಗಿ ಜೋಡಿಸಿದರೆ ಹೊಸ ಪೈಪಿದ್ದೂ ಬ್ರೇಕ್ ಗಟ್ಟಿಯೇ. ಮೈಮೇಲಿನ ಬಾಣದ ಗುರುತು ಎಂಜಿನ್ ಕಡೆಗಿರಬೇಕು.

ಕೆಲಸ ಮುಗಿದ ಮೇಲೆ ಸಮತಟ್ಟು ಜಾಗದಲ್ಲಿ ಮೂರು ಪರೀಕ್ಷೆಗಳನ್ನು ಮಾಡಬೇಕು. ಎಂಜಿನ್ ಆಫ್ ಇರುವಾಗ ಪೆಡಲನ್ನು ಗಟ್ಟಿಯಾಗುವವರೆಗೆ ನಾಲ್ಕೈದು ಸಲ ಒತ್ತಿ, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿದರೆ ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ಬೂಸ್ಟರಿಗೆ ನಿರ್ವಾತ ತಲಪುತ್ತಿಲ್ಲ. ಒಂದೆರಡು ನಿಮಿಷ ಓಡಿಸಿ ಎಂಜಿನ್ ನಿಲ್ಲಿಸಿ ಒತ್ತಿದಾಗ ಮೊದಲ ಸಲ ಆಳಕ್ಕೆ, ನಂತರ ಪ್ರತಿ ಸಲ ಒಂದಿಷ್ಟು ಮೇಲಕ್ಕೆ ಪೆಡಲ್ ನಿಲ್ಲಬೇಕು. ಮೊದಲ ಸಲವೇ ಗಟ್ಟಿಯಾದರೆ ಕವಾಟ ಸೋರುತ್ತಿದೆ. ಕೊನೆಯದಾಗಿ, ಎಂಜಿನ್ ಓಡುತ್ತಿರುವಾಗ ಪೆಡಲ್ ಒತ್ತಿ ಹಿಡಿದು ಎಂಜಿನ್ ನಿಲ್ಲಿಸಿದರೆ ಅರ್ಧ ನಿಮಿಷ ಪೆಡಲ್ ಎತ್ತರ ಬದಲಾಗಬಾರದು. ಮೂರರಲ್ಲಿ ಒಂದು ತಪ್ಪಿದರೂ ಪೈಪು ಹೊಸದಾಗಿದೆ ಎಂಬ ಧೈರ್ಯದಿಂದ ಘಾಟಿಗೆ ಹೊರಡಬಾರದು. ಬೂಸ್ಟರಿನ ಪರದೆಯೇ ಹರಿದಿರಬಹುದು.

ಇಳಿಜಾರಿನ ನಡುವೆ ಹರಿದರೆ

ಪೆಡಲ್ ಇದ್ದಕ್ಕಿದ್ದಂತೆ ಗಟ್ಟಿಯಾದರೆ ಪಂಪ್ ಮಾಡಬಾರದು. ಪ್ರತಿ ಸಲ ಕಾಲೆತ್ತಿ ಒತ್ತಿದಾಗಲೂ ಉಳಿದಿರುವ ಅಲ್ಪಸ್ವಲ್ಪ ನಿರ್ವಾತ ಖರ್ಚಾಗುತ್ತದೆ. ಒಂದೇ ಸಲ, ಸೀಟಿಗೆ ಬೆನ್ನು ಆನಿಸಿ, ಪೂರ್ತಿ ಬಲ ಹಾಕಿ ಒತ್ತಿ ಹಿಡಿಯಬೇಕು. ಜೊತೆಗೆ ಗೇರನ್ನು ಒಂದೊಂದಾಗಿ ಕೆಳಗಿಳಿಸಬೇಕು. ಹ್ಯಾಂಡ್ ಬ್ರೇಕ್‌ಗೂ ಬೂಸ್ಟರಿಗೂ ಸಂಬಂಧವಿಲ್ಲ, ಗುಂಡಿಯನ್ನು ಒತ್ತಿ ಹಿಡಿದುಕೊಂಡು ಹಂತ ಹಂತವಾಗಿ ಎಳೆಯಬಹುದು. ಒದ್ದೆ ರಸ್ತೆಯಲ್ಲಿ ಜಗ್ಗಿ ಎಳೆದರೆ ಹಿಂದಿನ ಚಕ್ರ ಜಾರುತ್ತದೆ. ಎಂಜಿನ್ ಬಂದಾದರೂ ಕೀಲಿಯನ್ನು ಹೊರಗೆಳೆಯಬಾರದು, ಸ್ಟಿಯರಿಂಗ್ ಲಾಕ್ ಆಗುತ್ತದೆ.

ನಿಂತ ಬಳಿಕ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದೆ ಬರುವ ಲಾರಿ ಬಸ್ಸುಗಳಿಗೆ ಕಾಣುವಂತೆ ಸಾಕಷ್ಟು ದೂರದಲ್ಲಿ ತ್ರಿಕೋನ ಫಲಕವನ್ನೋ ಸೊಪ್ಪಿನ ಗೊಂಚಲನ್ನೋ ಇಡಬೇಕು. ಸಣ್ಣ ಕೊಳವೆ ಹರಿದಿದ್ದರೆ ಮ್ಯಾನಿಫೋಲ್ಡ್ ಕಡೆಯ ತುದಿಯನ್ನು ಹೊಂದುವ ಬೋಲ್ಟಿನಿಂದ ಮುಚ್ಚಿ ಮುಂದುವರಿಯಲು ಅಡ್ಡಿಯಿಲ್ಲ. ಹರಿದದ್ದು ಬೂಸ್ಟರ್ ಪೈಪಾದರೆ ಹಾಗೆ ಮುಚ್ಚಿದಾಗ ಎಂಜಿನ್ ಸರಾಗವಾಗಿ ಓಡುತ್ತದೆ, ಇದೇ ಅದರ ಮೋಸ. ಸಮತಟ್ಟು ರಸ್ತೆಯಲ್ಲಿ ನಿಧಾನವಾಗಿ ಗ್ಯಾರೇಜು ತಲಪಬಹುದೇನೋ; ಮಾರನಹಳ್ಳಿಯಿಂದ ಕೆಳಕ್ಕೆ ಹಾಗೆ ಇಳಿಯುವುದು ಸಲ್ಲದು. ಘಾಟಿಯ ನೆತ್ತಿಯಲ್ಲೇ ದೋಷ ತಿಳಿದರೆ ಸಕಲೇಶಪುರದಿಂದ ಮೆಕ್ಯಾನಿಕ್‌ನನ್ನು ಕರೆಸಬೇಕು, ಇಲ್ಲವೇ ಕಾರನ್ನು ಬೇರೊಂದು ವಾಹನದ ಮೇಲೇರಿಸಿ ಸಾಗಿಸಬೇಕು. ಹಗ್ಗ ಕಟ್ಟಿ ಎಳೆಸಿಕೊಂಡು ಇಳಿಯುವುದಂತೂ ಇನ್ನೂ ಅಪಾಯ. ಹಿಂದಿನ ಕಾರಿನ ಬ್ರೇಕೇ ದುರ್ಬಲವಾಗಿರುವಾಗ ಮುಂದಿನ ವಾಹನಕ್ಕೆ ಡಿಕ್ಕಿ ಹೊಡೆಯುವುದು ಖಚಿತ.

ಬಿಡಿಭಾಗ ಎಲ್ಲಿ?

ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲಿ, ಅಂಬಾಸಿಡರ್‌ನದು ಅದೇ ವರ್ಷದ ಮೇ ತಿಂಗಳಲ್ಲಿ ನಿಂತಿತು. ಆದರೂ ಮೀಟರ್ ಲೆಕ್ಕದಲ್ಲಿ ಮಾರುವ ವ್ಯಾಕ್ಯೂಮ್ ಕೊಳವೆಗೆ ಬರವಿಲ್ಲ, ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ, ಜಿಲ್ಲಾ ಕೇಂದ್ರಗಳ ಆಟೊಮೊಬೈಲ್ ಅಂಗಡಿಗಳಲ್ಲಿ ದೊರೆಯುತ್ತದೆ. ಆಕಾರಕ್ಕೆ ಬಾಗಿಸಿ ಎರಕ ಹೊಯ್ದ ಬೂಸ್ಟರ್ ಪೈಪು ಮತ್ತು ಪ್ಲಾಸ್ಟಿಕ್ ಕವಾಟಗಳಿಗೆ ಮಾತ್ರ ಅಲೆದಾಟ ತಪ್ಪದು. ಹಳೆಯ ಕಾರು ಇಟ್ಟುಕೊಂಡವರು ಇವನ್ನು ಬೇಕಾದ ಹೊತ್ತಿಗೆ ಹುಡುಕುವ ಬದಲು ಸಿಕ್ಕ ಹೊತ್ತಿಗೆ ಕೊಂಡಿಡುವುದು ಲೇಸು.

ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಬಳಿಕ ತಪಾಸಣೆಗೊಳಪಡಿಸಿ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಕೆಎ 46 ಸಂಖ್ಯೆಯ ಸಕಲೇಶಪುರ ಕಚೇರಿಯಲ್ಲಿರಲಿ, ಕೆಎ 13 ಸಂಖ್ಯೆಯ ಹಾಸನ ಕಚೇರಿಯಲ್ಲಿರಲಿ, ಹೊಗೆ ತಪಾಸಣೆಯಲ್ಲಿ ಸುಡದ ಪೆಟ್ರೋಲಿನ ಅಂಶ ಹೆಚ್ಚೆಂದು ಬಂದರೆ ಕಾರ್ಬುರೇಟರ್ ಬಿಚ್ಚಿಸುವ ಮೊದಲು ವ್ಯಾಕ್ಯೂಮ್ ಕೊಳವೆಗಳನ್ನು ನೋಡಿಸಬೇಕು. ಗಾಳಿ ಹೆಚ್ಚಾಗಿ ಕಿಡಿ ತಪ್ಪಿದಾಗಲೂ ಪೆಟ್ರೋಲ್ ಸುಡದೆ ಹೊರಬೀಳುತ್ತದೆ. ಎರಡು ಮೀಟರ್ ಕೊಳವೆ, ನಾಲ್ಕು ಕ್ಲಿಪ್ಪು, ಒಂದು ಬ್ಲೇಡು, ನಳಿಕೆ ಮುಚ್ಚಲು ಬೇರೆ ಬೇರೆ ಗಾತ್ರದ ಮೂರು ನಾಲ್ಕು ಬೋಲ್ಟುಗಳು: ಡಿಕ್ಕಿಯಲ್ಲಿ ಜ್ಯಾಕ್ ಪಕ್ಕದಲ್ಲಿ ಇಷ್ಟಕ್ಕೆ ಜಾಗವಿರುತ್ತದೆ.